ವಿದ್ಯಾರ್ಥಿಗಳೇ ಸಂಪಾದಿಸುವ ಕಾನೂನು ಜರ್ನಲ್: ಮೇಷ್ಟರ ಲೇಖನವನ್ನು ವಿದ್ಯಾರ್ಥಿ ಪರಿಶೀಲಿಸಬಹುದೇ?

ಪ್ರಶ್ನೆ: ಹಾವೇರಿ ಕಾನೂನು ವಿದ್ಯಾರ್ಥಿ

ಎಲ್ಲರಿಗೂ ನಮಸ್ಕಾರ. ನಾನು ಮೂರು ವರ್ಷದ ಎಲ್‌ಎಲ್‌ಬಿಯ ಎರಡನೇ ವರ್ಷದಲ್ಲಿದ್ದೇನೆ. ನಮ್ಮದು ಜಿಲ್ಲಾ ಕೇಂದ್ರದ ಕಾಲೇಜು. ಅರ್ಧಕ್ಕಿಂತ ಹೆಚ್ಚು ಜನ ಸುತ್ತಲಿನ ಹಳ್ಳಿಗಳಿಂದ ಬಸ್ಸಿನಲ್ಲಿ ಬಂದು ಹೋಗುವವರು, ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವವರು.

ಅಣಕು ನ್ಯಾಯಾಲಯ ಸ್ಪರ್ಧೆಗೆಂದು ಬೆಂಗಳೂರಿಗೆ ಹೋಗಿದ್ದಾಗ ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯ ವಿದ್ಯಾರ್ಥಿಗಳು ತರುವ ಜರ್ನಲ್‌ಗಳ ಬಗ್ಗೆ ಕೇಳಿದೆ. ನ್ಯಾಷನಲ್ ಲಾ ಸ್ಕೂಲ್ ಆಫ್ ಇಂಡಿಯಾ ರಿವ್ಯೂ, ಇಂಡಿಯನ್ ಜರ್ನಲ್ ಆಫ್ ಲಾ ಅಂಡ್ ಟೆಕ್ನಾಲಜಿ, ಸೋಷಿಯೋ-ಲೀಗಲ್ ರಿವ್ಯೂ, ಈ ಮೂರನ್ನೂ ಊರಿಗೆ ಬಂದ ಮೇಲೆ ಮೊಬೈಲ್‌ನಲ್ಲೇ ತೆರೆದು ಓದಿದೆ. ಲೇಖನ ಆರಿಸುವುದರಿಂದ ಹಿಡಿದು ಕರಡು ತಿದ್ದುವವರೆಗೆ ಎಲ್ಲವೂ ನನ್ನದೇ ವಯಸ್ಸಿನವರ ಕೆಲಸ ಎಂದು ತಿಳಿದಾಗ ನಮ್ಮಲ್ಲೂ ಇಂಥದ್ದೊಂದು ಆಗಬೇಕು ಎನಿಸಿತು. ಐದಾರು ಸ್ನೇಹಿತರು ಜೊತೆಯಾದರು. ಪ್ರಾಂಶುಪಾಲರನ್ನು ಕಂಡು ಮಾತನಾಡಿದೆವು. ವರ್ಷಕ್ಕೊಂದು ಸಂಚಿಕೆ ತರಲು ಅವರು ಒಪ್ಪಿದ್ದಾರೆ, ಅಚ್ಚಿನ ಖರ್ಚನ್ನು ಕಾಲೇಜೇ ಭರಿಸುತ್ತದೆ.

ತೊಡಕು ಬಂದದ್ದು ಸಿಬ್ಬಂದಿ ಸಭೆಯಲ್ಲಿ. ನಾನು ತುಂಬ ಗೌರವಿಸುವ ಹಿರಿಯ ಉಪನ್ಯಾಸಕರೊಬ್ಬರು ಎದ್ದು ನಿಂತು, ‘ಇಪ್ಪತ್ತೈದು ವರ್ಷ ಪಾಠ ಮಾಡಿದವರ ಲೇಖನವನ್ನು ಇನ್ನೂ ಸಾಕ್ಷ್ಯ ಕಾಯ್ದೆಯನ್ನೇ ಓದಿ ಮುಗಿಸದ ಹುಡುಗರು ಒಪ್ಪುವುದು, ತಿರಸ್ಕರಿಸುವುದು ಎಂದರೇನು? ವೈದ್ಯಕೀಯ ಜರ್ನಲನ್ನು ಎಂಬಿಬಿಎಸ್ ಹುಡುಗರು ನಡೆಸುತ್ತಾರೆಯೇ?’ ಎಂದು ಕೇಳಿದರು. ಅವರು ಸಿಟ್ಟಿನಿಂದ ಹೇಳಲಿಲ್ಲ, ನಿಜವಾಗಿಯೂ ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ.

ನಿಮ್ಮಲ್ಲಿ ಇಂಥ ಜರ್ನಲ್‌ನಲ್ಲಿ ಕೆಲಸ ಮಾಡಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ: ವಿದ್ಯಾರ್ಥಿ ಸಂಪಾದಕ ನಿಜಕ್ಕೂ ಮಾಡುವ ಕೆಲಸ ಏನು? ಆ ಉಪನ್ಯಾಸಕರ ಮಾತಿಗೆ ಏನು ಹೇಳಬೇಕು? ಕನ್ನಡದಲ್ಲಿ ತರುವುದೋ ಇಂಗ್ಲಿಷಿನಲ್ಲಿ ತರುವುದೋ? ಇನ್ನೊಂದು ವಿಷಯವೂ ಇದೆ. ಯಾವುದೋ ಆನ್‌ಲೈನ್ ಜರ್ನಲ್‌ನವರು ಹಣ ಕಟ್ಟಿದರೆ ‘ವಿದ್ಯಾರ್ಥಿ ಸಂಪಾದಕ’ ಎಂಬ ಪ್ರಮಾಣಪತ್ರ ಕೊಡುತ್ತೇವೆ ಎಂದು ಇಮೇಲ್ ಕಳಿಸಿದ್ದಾರೆ. ನಮ್ಮ ತರಗತಿಯ ಕೆಲವರು ಕಟ್ಟಿಯೂ ಆಗಿದೆ. ಅದನ್ನು ನಂಬಬಹುದೇ?

ಉತ್ತರ: ಧಾರವಾಡದ ವಕೀಲೆ

ತಮ್ಮಾ, ನಿಮ್ಮ ಉಪನ್ಯಾಸಕರ ಪ್ರಶ್ನೆ ಹಗುರವಾದದ್ದಲ್ಲ. ಅದನ್ನು ಎದುರಾಳಿಯ ವಾದ ಎಂದು ತಿಳಿಯಬೇಡಿ. ವಿದ್ಯಾರ್ಥಿ ಜರ್ನಲ್‌ಗಳು ಹುಟ್ಟಿದಾಗಿನಿಂದ ಕೇಳಿಬರುತ್ತಿರುವ ಪ್ರಶ್ನೆ ಅದು, ಅದರಲ್ಲಿ ಹುರುಳಿದೆ. ನಾನು ಓದಿದ ವಿಶ್ವವಿದ್ಯಾಲಯದಲ್ಲಿ ಇಂಥ ಜರ್ನಲ್‌ನ ಸಂಪಾದಕ ಮಂಡಳಿಯಲ್ಲಿ ಇದ್ದೆ. ಈಗ ಹೈಕೋರ್ಟಿನ ಧಾರವಾಡ ಪೀಠದಲ್ಲಿ ವಕೀಲಿಕೆ ಮಾಡುತ್ತಿದ್ದೇನೆ. ಅಲ್ಲಿ ಕಲಿತದ್ದನ್ನು ಇಂದಿಗೂ ದಿನವೂ ಬಳಸುತ್ತೇನೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಸರ್ ಹೇಳಿದ ಹಾಗೆ ಬೇರೆ ಯಾವ ಶಾಸ್ತ್ರದಲ್ಲೂ ವಿದ್ಯಾರ್ಥಿಗಳು ಮುಖ್ಯ ಜರ್ನಲ್‌ಗಳನ್ನು ನಡೆಸುವುದಿಲ್ಲ. ಕಾನೂನಿನಲ್ಲೂ ಎಲ್ಲ ಕಡೆ ಹಾಗಿಲ್ಲ. ಇಂಗ್ಲೆಂಡಿನ ಲಾ ಕ್ವಾರ್ಟರ್ಲಿ ರಿವ್ಯೂ 1885ರಲ್ಲಿ ಆರಂಭವಾದಾಗಿನಿಂದ ವಿದ್ವಾಂಸರ ಕೈಯಲ್ಲೇ ಇದೆ. ನಮ್ಮ ದೆಹಲಿಯ ಇಂಡಿಯನ್ ಲಾ ಇನ್‌ಸ್ಟಿಟ್ಯೂಟ್ 1958ರಿಂದ ತರುತ್ತಿರುವ ಜರ್ನಲ್ ಕೂಡ ಅಧ್ಯಾಪಕರದ್ದೇ. ವಿದ್ಯಾರ್ಥಿಗಳ ಕೈಗೆ ಕೊಡುವ ಪದ್ಧತಿ ಬೇರು ಬಿಟ್ಟದ್ದು ಅಮೆರಿಕದಲ್ಲಿ. ಹಾರ್ವರ್ಡ್ ಲಾ ರಿವ್ಯೂವನ್ನು 1887ರಲ್ಲಿ ವಿದ್ಯಾರ್ಥಿಗಳೇ ಶುರು ಮಾಡಿದರು, ಯೇಲ್ 1891ರಲ್ಲಿ, ಕೊಲಂಬಿಯಾ 1901ರಲ್ಲಿ ಅದೇ ದಾರಿ ಹಿಡಿದವು. ನಮ್ಮಲ್ಲಿ ಇದು ಗಟ್ಟಿಯಾದದ್ದು ರಾಷ್ಟ್ರೀಯ ಕಾನೂನು ಶಾಲೆಗಳು ಬಂದ ಮೇಲೆ. ಬೆಂಗಳೂರಿನ ಶಾಲೆಗೆ ಮೊದಲ ತಂಡ ಸೇರಿದ್ದು 1988ರಲ್ಲಿ, ಅದರ ಸ್ಥಾಪಕ ನಿರ್ದೇಶಕ ಮಾಧವ ಮೆನನ್ ಅವರ ಕಾಲದಲ್ಲಿ.

ವಿದ್ಯಾರ್ಥಿ ಜರ್ನಲ್‌ಗಳ ಪರವಾಗಿ ಎಲ್ಲರೂ ಹೇಳುವ ಕಥೆ ಒಂದಿದೆ. ಬಾಸ್ಟನ್ನಿನ ಇಬ್ಬರು ವಕೀಲರು, ಸ್ಯಾಮ್ಯುಯೆಲ್ ವಾರೆನ್ ಮತ್ತು ಲೂಯಿ ಬ್ರಾಂಡೈಸ್, ಖಾಸಗಿತನದ ಹಕ್ಕಿನ ಬಗ್ಗೆ ಬರೆದ ಲೇಖನ 1890ರ ಡಿಸೆಂಬರ್‌ನಲ್ಲಿ ಹಾರ್ವರ್ಡ್ ಲಾ ರಿವ್ಯೂನಲ್ಲಿ ಬಂತು, ನಾಲ್ಕನೇ ಸಂಪುಟದ 193ನೇ ಪುಟದಿಂದ. ಆ ಪತ್ರಿಕೆಗೆ ಆಗ ನಾಲ್ಕು ವರ್ಷವೂ ತುಂಬಿರಲಿಲ್ಲ. ಆಧಾರ್ ಯೋಜನೆಯನ್ನು ಪ್ರಶ್ನಿಸಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಅರ್ಜಿ ಹಾಕಿದರಲ್ಲ, ಅದರಿಂದ ಎದ್ದ, ಖಾಸಗಿತನ ಮೂಲಭೂತ ಹಕ್ಕೇ ಎಂಬ ಪ್ರಶ್ನೆಗೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಉತ್ತರ ಕೊಟ್ಟಾಗ ಅದೇ ಲೇಖನವನ್ನು ಚರ್ಚೆಗೆ ಎತ್ತಿಕೊಂಡಿತು. ಹೆಮ್ಮೆಯ ಕಥೆಯೇ. ಆದರೆ ಸರ್ ಅವರ ಮುಂದೆ ಇದನ್ನು ಹೇಳಬೇಡಿ. ದೊಡ್ಡವರು ಬರೆದ ದೊಡ್ಡ ಲೇಖನ ಬಂದು ಅಚ್ಚಾದರೆ ಅದು ಲೇಖಕರ ಸಾಮರ್ಥ್ಯ, ಸಂಪಾದಕರದ್ದಲ್ಲ ಎಂದು ಅವರು ಹೇಳಿದರೆ ಅದೂ ಸರಿಯೇ.

ಅವರಿಗೆ ಉತ್ತರ ಇರುವುದು ವಿದ್ಯಾರ್ಥಿ ಸಂಪಾದಕ ಕುಳಿತು ಮಾಡುವ ಕೆಲಸದಲ್ಲಿ. ಒಂದು ಉದಾಹರಣೆ ಕೊಡುತ್ತೇನೆ.

ನಮಗೆ ಪೊಲೀಸ್ ಕಣ್ಗಾವಲಿನ ಬಗ್ಗೆ ಒಂದು ಲೇಖನ ಬಂದಿತ್ತು. ಬರೆದವರು ಹೆಸರಾಂತ ಪ್ರಾಧ್ಯಾಪಕರು ಎಂಬುದು ನಮಗೆ ತಿಳಿದದ್ದು ಆಮೇಲೆ, ಏಕೆಂದರೆ ಹೆಸರು ತೆಗೆದೇ ಓದಲು ಕೊಡುತ್ತಿದ್ದರು. ಅಡಿಟಿಪ್ಪಣಿಗಳ ತಪಾಸಣೆ ಎರಡನೇ ವರ್ಷದ ಹುಡುಗಿಯೊಬ್ಬಳ ಪಾಲಿಗೆ ಬಂತು. ನಮ್ಮ ನಿಯಮ ಒಂದೇ ಆಗಿತ್ತು: ಪ್ರತಿಯೊಂದು ಅಡಿಟಿಪ್ಪಣಿಗೂ ಮೂಲವನ್ನು ತೆರೆಯಬೇಕು, ಆ ಪುಟವನ್ನು ಕಣ್ಣಾರೆ ನೋಡಬೇಕು, ಲೇಖಕರು ಹೇಳಿದ್ದು ಅಲ್ಲಿ ಇದೆಯೇ ಎಂದು ಬರೆದಿಡಬೇಕು. ಇನ್ನೊಬ್ಬರ ಪುಸ್ತಕದಲ್ಲಿ ಉಲ್ಲೇಖವಾಗಿದೆ ಎಂದರೆ ಸಾಲದು.

ಲೇಖನದಲ್ಲಿ ಒಂದು ವಾಕ್ಯ ಹೀಗಿತ್ತು: ಖಾಸಗಿತನವು ವೈಯಕ್ತಿಕ ಸ್ವಾತಂತ್ರ್ಯದ ಅವಿಭಾಜ್ಯ ಅಂಗವೆಂದು ಸುಪ್ರೀಂ ಕೋರ್ಟ್ ಖರಕ್ ಸಿಂಗ್ ಪ್ರಕರಣದಲ್ಲಿಯೇ ಹೇಳಿದೆ. ಅವಳಿಗೆ ಮೊದಲು ಎದುರಾದದ್ದು ಇಸವಿಯ ಗೊಂದಲ. ಒಂದು ಕಡೆ 1962, ಇನ್ನೊಂದು ಕಡೆ 1963, ಮತ್ತೊಂದು ಕಡೆ 1964. ಹುಡುಕಿದಾಗ ಮೂರೂ ಸರಿಯೇ. ತೀರ್ಪು ಬಂದದ್ದು 1962ರ ಡಿಸೆಂಬರ್ 18ರಂದು, ಆಲ್ ಇಂಡಿಯಾ ರಿಪೋರ್ಟರ್ (ಎಐಆರ್) ಎಂಬ ತೀರ್ಪುಗಳ ಸಂಗ್ರಹದಲ್ಲಿ ವರದಿಯಾದದ್ದು 1963ರ ಸಂಪುಟದ 1295ನೇ ಪುಟದಲ್ಲಿ, ಸುಪ್ರೀಂ ಕೋರ್ಟಿನ ಅಧಿಕೃತ ವರದಿಯಲ್ಲಿ 1964ರ ಮೊದಲ ಸಂಪುಟದ 332ನೇ ಪುಟದಲ್ಲಿ. ಲೇಖಕರು ಒಂದೇ ಪ್ರಕರಣವನ್ನು ಎರಡು ಕಡೆ ಎರಡು ಇಸವಿಯಿಂದ ಕರೆದಿದ್ದರು. ಓದುಗ ಅವನ್ನು ಎರಡು ಪ್ರಕರಣಗಳೆಂದು ತಿಳಿಯುವ ಸಾಧ್ಯತೆ ಇತ್ತು.

ಅಷ್ಟಕ್ಕೇ ನಿಲ್ಲಿಸದೆ ಅವಳು ತೀರ್ಪನ್ನು ಪೂರ್ತಿ ಓದಿದಳು. ಆರು ನ್ಯಾಯಮೂರ್ತಿಗಳ ಪೀಠ ಅದು. ಬಹುಮತದ ತೀರ್ಪು ಬರೆದವರು ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್. ರಾತ್ರಿ ಹೊತ್ತು ಪೊಲೀಸರು ಮನೆ ಬಾಗಿಲು ತಟ್ಟಿ ಒಳಬರಬಹುದು ಎಂಬ ಉತ್ತರಪ್ರದೇಶದ ಪೊಲೀಸ್ ನಿಯಮವನ್ನು ಬಹುಮತ ರದ್ದುಮಾಡಿತು ನಿಜ, ಆದರೆ ಖಾಸಗಿತನ ನಮ್ಮ ಸಂವಿಧಾನ ಖಾತರಿಪಡಿಸಿದ ಹಕ್ಕಲ್ಲ ಎಂದೂ ಸ್ಪಷ್ಟವಾಗಿ ಹೇಳಿತು. ಖಾಸಗಿತನ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದು ಬರೆದವರು ನ್ಯಾಯಮೂರ್ತಿ ಸುಬ್ಬರಾವ್. ಅವರದ್ದು ಅಲ್ಪಮತ, ಜೊತೆಗಿದ್ದವರು ನ್ಯಾಯಮೂರ್ತಿ ಷಾ ಒಬ್ಬರೇ. ಅಂದರೆ ಲೇಖನದ ಆ ವಾಕ್ಯ ಅಲ್ಪಮತದ ಮಾತನ್ನು ನ್ಯಾಯಾಲಯದ ಬಾಯಿಗೆ ಹಾಕಿತ್ತು.

ಅವಳು ಅಂಚಿನಲ್ಲಿ ಬರೆದ ಟಿಪ್ಪಣಿ ನನಗೆ ಇನ್ನೂ ನೆನಪಿದೆ. ‘ಈ ಅಭಿಪ್ರಾಯ ನ್ಯಾ. ಸುಬ್ಬರಾವ್ ಅವರ ಪ್ರತ್ಯೇಕ ತೀರ್ಪಿನಲ್ಲಿದೆ. ಬಹುಮತದ ನಿಲುವು ಬೇರೆ. ಸಂಬಂಧಿಸಿದ ಎರಡೂ ಭಾಗಗಳನ್ನು ಲಗತ್ತಿಸಿದ್ದೇನೆ. ದಯವಿಟ್ಟು ಪರಿಶೀಲಿಸಿ.’ ತಪ್ಪು ಎಂಬ ಪದವನ್ನೇ ಅವಳು ಬಳಸಿರಲಿಲ್ಲ. ಲೇಖಕರು ಎರಡೇ ದಿನದಲ್ಲಿ ಉತ್ತರ ಬರೆದರು, ಧನ್ಯವಾದ ಹೇಳಿದರು, ಆ ಪ್ಯಾರಾವನ್ನೇ ಹೊಸದಾಗಿ ಬರೆದುಕೊಟ್ಟರು. ಅದರಿಂದ ಲೇಖನಕ್ಕೆ ಬಲ ಬಂತು, ಏಕೆಂದರೆ ಅಂದು ಅಲ್ಪಮತವಾಗಿದ್ದ ಸುಬ್ಬರಾವ್ ಅವರ ನಿಲುವೇ 2017ರಲ್ಲಿ ಪುಟ್ಟಸ್ವಾಮಿ ಪ್ರಕರಣದಲ್ಲಿ ಗೆದ್ದಿತು, ಖರಕ್ ಸಿಂಗ್ ಬಹುಮತದ ಆ ಮಾತನ್ನು ಒಂಬತ್ತು ನ್ಯಾಯಮೂರ್ತಿಗಳ ಪೀಠ ತಳ್ಳಿಹಾಕಿತು. ಮೊದಲ ಕರಡಿನಲ್ಲಿ ಈ ಬೆಳವಣಿಗೆಯೇ ಮರೆಯಾಗಿತ್ತು.

ಇದನ್ನು ನಿಮ್ಮ ಸರ್ ಅವರಿಗೆ ಹೇಳಿ. ಆ ಹುಡುಗಿಗೆ ಪ್ರಾಧ್ಯಾಪಕರಷ್ಟು ಜ್ಞಾನ ಇರಲಿಲ್ಲ, ಅನುಭವವೂ ಇರಲಿಲ್ಲ. ಅವಳು ಪುಟ ತೆರೆದು ನೋಡಿದಳು. ಬಹಳ ತಿಳಿದವರು ನೆನಪಿನಿಂದ ಬರೆಯುತ್ತಾರೆ, ಅದು ಸಹಜ. ಏನೂ ಗೊತ್ತಿಲ್ಲದವರು ಪ್ರತಿಯೊಂದನ್ನೂ ತೆರೆದೇ ನೋಡಬೇಕಾಗುತ್ತದೆ. ಜರ್ನಲ್‌ಗೆ ಇವರಿಬ್ಬರೂ ಬೇಕು.

ಹಾಗೆಂದು ವಾದದಲ್ಲಿ ಹೊಸತನ ಇದೆಯೇ, ಈ ವಿಷಯದಲ್ಲಿ ಈ ಮೊದಲೇ ಯಾರಾದರೂ ಬರೆದಿದ್ದಾರೆಯೇ ಎಂಬುದನ್ನು ನೀವೇ ತೀರ್ಮಾನಿಸಲು ಹೋಗಬೇಡಿ. ಅಲ್ಲಿ ಸರ್ ಹೇಳುವುದು ಸರಿ. ಹೆಸರು ತೆಗೆದ ಪ್ರತಿಯನ್ನು ಆ ವಿಷಯ ಬಲ್ಲ ಹೊರಗಿನ ಅಧ್ಯಾಪಕರಿಗೋ ವಕೀಲರಿಗೋ ಕಳಿಸಿ, ಅವರ ಅಭಿಪ್ರಾಯ ತರಿಸಿಕೊಂಡು ಮಂಡಳಿ ಕುಳಿತು ನಿರ್ಧರಿಸಲಿ. ಮೊದಲ ಎರಡು ಸಂಚಿಕೆಗಳಿಗೆ ನಿಮ್ಮ ಕಾಲೇಜಿನ ಅಧ್ಯಾಪಕರಿಂದ ಲೇಖನ ಕೇಳಲೇಬೇಡಿ. ನಾಳೆ ಇವರೇ ನಿಮ್ಮ ಆಂತರಿಕ ಅಂಕ ಕೊಡುವವರು. ಇಂದು ನೀವು ಅವರ ಲೇಖನ ತಿರಸ್ಕರಿಸಿದರೂ ಕಷ್ಟ, ಒಪ್ಪಿಕೊಂಡರೂ ಅನುಮಾನ. ಸಿಬ್ಬಂದಿ ಕೊಠಡಿಯ ಅರ್ಧ ಆತಂಕ ಇದರಿಂದಲೇ ಇಳಿಯುತ್ತದೆ.

ಒಂದೇ ಲೇಖನವನ್ನು ಏಕಕಾಲಕ್ಕೆ ಹತ್ತಾರು ಜರ್ನಲ್‌ಗಳಿಗೆ ಕಳಿಸುವ ರೂಢಿ ಅಮೆರಿಕದಲ್ಲಿದೆ. ನಮ್ಮಲ್ಲಿ ಸಾಮಾನ್ಯವಾಗಿ ಒಂದು ಕಡೆ ಕಳಿಸಿ ಉತ್ತರ ಬರುವವರೆಗೆ ಕಾಯುತ್ತಾರೆ. ಹಾಗೆ ಕಾಯಿಸುವುದಾದರೆ ಇಂತಿಷ್ಟು ವಾರದಲ್ಲಿ ಉತ್ತರ ಕೊಡುತ್ತೇವೆ ಎಂದು ಮೊದಲೇ ಪ್ರಕಟಿಸಿ, ಮಾತು ಉಳಿಸಿಕೊಳ್ಳಿ. ಉಲ್ಲೇಖದ ಶೈಲಿಯ ಬಗ್ಗೆ ಜಗಳ ಆಡಬೇಡಿ. ಅಮೆರಿಕದ ಉಲ್ಲೇಖ ನಿಯಮಗಳ ಪುಸ್ತಕ ಬ್ಲೂಬುಕ್ 1926ರಲ್ಲಿ ಕೆಲವೇ ಪುಟಗಳ ಕಿರುಹೊತ್ತಗೆ ಆಗಿತ್ತು, ಈಗ ನೂರಾರು ಪುಟ. ಆಕ್ಸ್‌ಫರ್ಡ್‌ನ ಆಸ್ಕೋಲಾ ಎಂಬ ಉಲ್ಲೇಖ ಪದ್ಧತಿ ಅದಕ್ಕಿಂತ ಸರಳ. ನಿಮಗೆ ಒಂದು ಹಾಳೆಯಲ್ಲಿ ಹಿಡಿಯುವಷ್ಟು ನಿಯಮ ಸಾಕು. ಓದುಗ ಆ ಪುಟವನ್ನು ತಲುಪಬೇಕು, ಅಷ್ಟೇ.

ಗ್ರಂಥಾಲಯದಲ್ಲಿ ಸಂಪುಟಗಳಿಲ್ಲ, ದುಬಾರಿ ಜಾಲತಾಣಗಳ ಚಂದಾ ಕಟ್ಟಲಾಗುವುದಿಲ್ಲ ಎಂಬ ಚಿಂತೆ ನಮ್ಮ ಕಾಲದಲ್ಲಿ ದೊಡ್ಡದಾಗಿತ್ತು. 2023ರ ಜನವರಿಯಿಂದ ಸುಪ್ರೀಂ ಕೋರ್ಟಿನ ಅಧಿಕೃತ ವರದಿಗಳು ಇ-ಎಸ್‌ಸಿಆರ್ ತಾಣದಲ್ಲಿ ಉಚಿತವಾಗಿ ಸಿಗುತ್ತಿವೆ. ಹಾವೇರಿಯಲ್ಲಿ ಕುಳಿತವರಿಗೂ ದೆಹಲಿಯಲ್ಲಿ ಕುಳಿತವರಿಗೂ ಈಗ ಅದೇ ಪುಟ ಸಿಗುತ್ತದೆ. ನನ್ನ ಮಟ್ಟಿಗೆ ಇದು ಬಹಳ ದೊಡ್ಡ ಸಂಗತಿ.

ಉತ್ತರ: ನಿವೃತ್ತ ಪ್ರಾಧ್ಯಾಪಕ, ಮೈಸೂರು

ವಕೀಲೆಯವರ ಬರಹ ಓದಿ ಸಂತೋಷವಾಯಿತು. ಅಡಿಟಿಪ್ಪಣಿಯ ವಿಷಯದಲ್ಲಿ ನನ್ನದೂ ಅದೇ ಮಾತು. ಆದರೆ ಅವರು ಹೇಳದೆ ಬಿಟ್ಟ ಎರಡು ತೊಂದರೆಗಳನ್ನು ಹೇಳಲೇಬೇಕು, ಏಕೆಂದರೆ ಉತ್ಸಾಹದಿಂದ ಹುಟ್ಟಿ ಎರಡನೇ ಸಂಚಿಕೆಗೆ ನಿಂತುಹೋದ ಕಾಲೇಜು ಪತ್ರಿಕೆಗಳನ್ನು ನಾನು ಬಹಳ ನೋಡಿದ್ದೇನೆ.

ವಿದ್ಯಾರ್ಥಿ ಮಂಡಳಿ ವರ್ಷ ವರ್ಷ ಬದಲಾಗುತ್ತದೆ. ಅಂತಿಮ ವರ್ಷದವರು ಪರೀಕ್ಷೆ ಮುಗಿಸಿ ಹೋದರೆ ಅವರ ಇಮೇಲ್ ಪಾಸ್‌ವರ್ಡ್ ಕೂಡ ಅವರೊಡನೆ ಹೋಗುತ್ತದೆ. ಲೇಖಕ ಆರು ತಿಂಗಳು ಕಾದು ಬರೆದ ಪತ್ರಕ್ಕೆ ಉತ್ತರ ಕೊಡುವವರೇ ಇರುವುದಿಲ್ಲ. ಆದ್ದರಿಂದ ಒಬ್ಬ ಅಧ್ಯಾಪಕರು ಸಲಹೆಗಾರರಾಗಿ ಇರಲೇಬೇಕು. ಲೇಖನ ಆರಿಸಲು ಅವರು ಬೇಡ. ಕಡತ ಕಾಯಲು, ಲೇಖಕರಿಗೆ ಕೊಟ್ಟ ಮಾತು ಉಳಿಸಲು ಬೇಕು. ನಿಮ್ಮನ್ನು ಪ್ರಶ್ನಿಸಿದ ಆ ಹಿರಿಯರನ್ನೇ ಕೇಳಿಕೊಳ್ಳಿ ಎಂಬುದು ನನ್ನ ಸಲಹೆ. ಸಭೆಯಲ್ಲಿ ಎದ್ದು ನಿಂತು ಕೇಳುವಷ್ಟು ಕಾಳಜಿ ಇರುವವರು ಕೆಲಸವನ್ನೂ ಕಾಳಜಿಯಿಂದಲೇ ಮಾಡುತ್ತಾರೆ.

ಇನ್ನೊಂದು ತೊಂದರೆ ವಿಷಯದ ಆಯ್ಕೆ. ಹುಡುಗರಿಗೆ ಮೂಲಭೂತ ಹಕ್ಕು, ಕೃತಕ ಬುದ್ಧಿಮತ್ತೆ, ಅಂತರರಾಷ್ಟ್ರೀಯ ಕಾನೂನು ಎಂದರೆ ಪ್ರೀತಿ. ಲೇಖಕರಿಗೂ ಅದು ಗೊತ್ತು, ಅದನ್ನೇ ಬರೆದು ಕಳಿಸುತ್ತಾರೆ. ಗೇಣಿ, ಪಹಣಿ, ಜೀವನಾಂಶ, ತೀರ್ಪನ್ನು ಜಾರಿ ಮಾಡಿಸುವ ಅಮಲ್ಜಾರಿ ಅರ್ಜಿ ಯಾರಿಗೂ ಬೇಡ. ಅಮೆರಿಕದ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ 2011ರಲ್ಲಿ ಒಂದು ಸಮಾವೇಶದಲ್ಲಿ, ಲಾ ರಿವ್ಯೂ ತೆರೆದರೆ ಹದಿನೆಂಟನೇ ಶತಮಾನದ ಬಲ್ಗೇರಿಯದ ಸಾಕ್ಷ್ಯ ಪದ್ಧತಿಯ ಮೇಲೆ ತತ್ತ್ವಜ್ಞಾನಿ ಕಾಂಟ್‌ನ ಪ್ರಭಾವದಂಥ ಲೇಖನ ಕಾಣುತ್ತದೆ, ವಕೀಲರಿಗೆ ಅದರಿಂದ ಹೆಚ್ಚೇನೂ ಉಪಯೋಗವಿಲ್ಲ ಎಂಬರ್ಥದಲ್ಲಿ ಹೇಳಿದ್ದು ದೊಡ್ಡ ಚರ್ಚೆಯಾಯಿತು. ಅದಕ್ಕೂ ಬಹಳ ಹಿಂದೆ, 1936ರಲ್ಲಿ, ಯೇಲ್‌ನ ಪ್ರಾಧ್ಯಾಪಕ ಫ್ರೆಡ್ ರೋಡೆಲ್ ಕಾನೂನು ಜರ್ನಲ್‌ಗಳ ಬರವಣಿಗೆಯನ್ನು ಕಟುವಾಗಿ ಟೀಕಿಸಿ ಇನ್ನು ಅವುಗಳಿಗೆ ಬರೆಯುವುದಿಲ್ಲ ಎಂದರು. ಆ ಟೀಕೆಯನ್ನು ಅಚ್ಚು ಹಾಕಿದ್ದು ವರ್ಜೀನಿಯಾದ ವಿದ್ಯಾರ್ಥಿಗಳ ಜರ್ನಲ್ಲೇ. ತಮ್ಮ ಮೇಲಿನ ಟೀಕೆಯನ್ನು ತಾವೇ ಪ್ರಕಟಿಸಿದ ಆ ಹುಡುಗರ ಬಗ್ಗೆ ನನಗೆ ಗೌರವವಿದೆ.

ನೀವು ನಾಗರಬಾವಿಯಂತೆ ಆಗಲು ಹೊರಟರೆ ಸೋಲುತ್ತೀರಿ. ಅವರಿಗೆ ದೇಶ ವಿದೇಶದಿಂದ ಲೇಖನ ಬರುತ್ತದೆ, ಆರಿಸಿಕೊಳ್ಳುತ್ತಾರೆ. ನಿಮಗೆ ಮೊದಲ ವರ್ಷ ಬರುವ ಲೇಖನ ಎಷ್ಟು? ನಿಮ್ಮ ಜಿಲ್ಲೆಯಲ್ಲಿ ಮಾತ್ರ ಬರೆಯಬಹುದಾದದ್ದು ಏನಿದೆ ಎಂದು ಹುಡುಕಿ.

ಉತ್ತರ: ಗ್ರಂಥಪಾಲಕಿ, ಕಲಬುರಗಿ

ಪ್ರಮಾಣಪತ್ರದ ವಿಷಯಕ್ಕೆ ಯಾರೂ ಬರಲಿಲ್ಲ, ನಾನು ಹೇಳುತ್ತೇನೆ. ಹಣ ಕಟ್ಟಬೇಡಿ. ಸಂಪಾದಕ ಹುದ್ದೆಗೆ ಹಣ ಕೇಳುವವರು ಜರ್ನಲ್ ನಡೆಸುತ್ತಿಲ್ಲ, ವ್ಯಾಪಾರ ನಡೆಸುತ್ತಿದ್ದಾರೆ. ನಮ್ಮ ಗ್ರಂಥಾಲಯಕ್ಕೆ ಬರುವ ಮಕ್ಕಳು ಹಬ್ಬಕ್ಕೆ ಮನೆಯಿಂದ ಕೊಟ್ಟ ದುಡ್ಡನ್ನು ಇದಕ್ಕೆ ಕಟ್ಟಿ ಬಂದು ತೋರಿಸುತ್ತಾರೆ, ಹೊಟ್ಟೆ ಉರಿಯುತ್ತದೆ.

ಅಂಥವರು ತೋರಿಸುವ ಐಎಸ್‌ಎಸ್‌ಎನ್ ಸಂಖ್ಯೆಗೆ ಮರುಳಾಗಬೇಡಿ. ಅದು ನಿಯತಕಾಲಿಕವನ್ನು ಗುರುತಿಸಲು ಕೊಡುವ ಎಂಟು ಅಂಕಿಗಳ ಸಂಖ್ಯೆ ಮಾತ್ರ. ಒಳಗಿನ ಲೇಖನದ ಗುಣಮಟ್ಟಕ್ಕೂ ಅದಕ್ಕೂ ಸಂಬಂಧವಿಲ್ಲ. ದೆಹಲಿಯ ರಾಷ್ಟ್ರೀಯ ಕೇಂದ್ರ ಅದನ್ನು ಶುಲ್ಕವಿಲ್ಲದೆ ಕೊಡುತ್ತದೆ, ನಿಮ್ಮ ಪತ್ರಿಕೆಗೂ ನೀವೇ ಅರ್ಜಿ ಹಾಕಿಕೊಳ್ಳಬಹುದು, ಮಧ್ಯವರ್ತಿ ಬೇಡ. ‘ಯುಜಿಸಿ ಕೇರ್ ಪಟ್ಟಿಯಲ್ಲಿದೆ’ ಎಂದು ಈಗಲೂ ಜಾಹೀರಾತು ಹಾಕುವವರಿದ್ದಾರೆ. ಒಪ್ಪಬಹುದಾದ ಜರ್ನಲ್‌ಗಳೆಂದು ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಮಾಡಿದ್ದ ಆ ಪಟ್ಟಿಯನ್ನು ಅದು 2025ರಲ್ಲಿ ಕೈಬಿಟ್ಟಿದೆ. ಜರ್ನಲ್ ಒಳ್ಳೆಯದೇ ಎಂದು ತಿಳಿಯಬೇಕಾದರೆ ಹಳೆಯ ಸಂಚಿಕೆಗಳನ್ನು ತೆರೆದು ಓದಿ. ಹಳೆಯ ಸಂಚಿಕೆ ತೆರೆಯುವುದೇ ಇಲ್ಲ ಎಂದರೆ ಅಲ್ಲಿಗೆ ಮುಗಿಯಿತು.

ಪ್ರಮಾಣಪತ್ರದಲ್ಲಿ ಹೆಸರು ಬೇಕೆನ್ನುವವರಿಗೆ ಒಂದು ಮಾತು. ಹಾರ್ವರ್ಡ್ ಲಾ ರಿವ್ಯೂನಲ್ಲಿ ವಿದ್ಯಾರ್ಥಿಗಳು ಬರೆಯುವ ಟಿಪ್ಪಣಿಗಳಿಗೆ ಹೆಸರೇ ಹಾಕುವುದಿಲ್ಲ, ಅದು ಎಲ್ಲರ ಕೈ ಸೇರಿ ಆದ ಕೆಲಸ ಎಂದು. 1990ರಲ್ಲಿ ಆ ಪತ್ರಿಕೆಯ ಅಧ್ಯಕ್ಷರಾದ ಬರಾಕ್ ಒಬಾಮಾ ಬರೆದದ್ದೂ ಹೆಸರಿಲ್ಲದೆಯೇ ಅಚ್ಚಾಗಿತ್ತು.

ಸಂಚಿಕೆ ಬಂದಾಗ ಅಚ್ಚಾದ ಪ್ರತಿಗಳನ್ನು ಜಿಲ್ಲಾ ಕೇಂದ್ರ ಗ್ರಂಥಾಲಯಕ್ಕೆ, ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ, ತಾಲ್ಲೂಕು ವಕೀಲರ ಸಂಘಗಳಿಗೆ ಕಳಿಸಿ. ಜಾಲತಾಣದ ಬಾಡಿಗೆ ಕಟ್ಟಲು ಮರೆತರೆ ಅದು ಮಾಯವಾಗುತ್ತದೆ, ಕಪಾಟಿನಲ್ಲಿರುವುದು ಉಳಿಯುತ್ತದೆ. ನಮಗೂ ಒಂದು ಪ್ರತಿ ಕಳಿಸಿ, ನಾನೇ ನೋಂದಾಯಿಸಿ ಇಡುತ್ತೇನೆ.

ಮರುಪ್ರಶ್ನೆ: ಹಾವೇರಿ ಕಾನೂನು ವಿದ್ಯಾರ್ಥಿ

ಎಲ್ಲರಿಗೂ ಮನಸಾರೆ ಧನ್ಯವಾದ. ಪ್ರಾಧ್ಯಾಪಕರು ಹೇಳಿದಂತೆ ನಮ್ಮ ಸರ್ ಅವರನ್ನೇ ಸಲಹೆಗಾರರಾಗಿ ಬನ್ನಿ ಎಂದು ಕೇಳುತ್ತೇನೆ. ಖರಕ್ ಸಿಂಗ್ ತೀರ್ಪನ್ನು ಇ-ಎಸ್‌ಸಿಆರ್‌ನಲ್ಲಿ ತೆರೆದು ನಾನೂ ಓದಿದೆ, ಮೇಡಂ ಹೇಳಿದ ಎರಡೂ ಭಾಗಗಳು ಸಿಕ್ಕವು.

‘ಜಿಲ್ಲೆಯಲ್ಲಿ ಮಾತ್ರ ಬರೆಯಬಹುದಾದದ್ದು’ ಎಂದಾಗ ನನಗೆ ಮೊದಲು ಹೊಳೆದದ್ದು ಪಿಟಿಸಿಎಲ್ ಪ್ರಕರಣಗಳು, ಅಂದರೆ ಪರಿಶಿಷ್ಟರಿಗೆ ಮಂಜೂರಾದ ಜಮೀನಿನ ಪರಭಾರೆ ನಿಷೇಧಿಸುವ ಕಾಯ್ದೆಯ ಪ್ರಕರಣಗಳು. ನಮ್ಮ ಕೇರಿಯಲ್ಲೇ ಅಂಥ ಜಮೀನಿಗಾಗಿ ಉಪವಿಭಾಗಾಧಿಕಾರಿ ಕಚೇರಿಗೆ ಅಲೆಯುತ್ತಿರುವ ಮನೆಗಳಿವೆ. ಇದು ಜರ್ನಲ್‌ಗೆ ತಕ್ಕ ವಿಷಯವೇ? ಆದೇಶಗಳೆಲ್ಲ ಕನ್ನಡದಲ್ಲಿವೆ, ಲೇಖನ ಯಾವ ಭಾಷೆಯಲ್ಲಿ ಬರೆಯಬೇಕು?

ಉತ್ತರ: ಧಾರವಾಡದ ವಕೀಲೆ

ತಕ್ಕ ವಿಷಯವೇ ಎಂದು ಕೇಳುತ್ತೀರಲ್ಲ, ಇದಕ್ಕಿಂತ ತಕ್ಕ ವಿಷಯ ನಿಮ್ಮ ಜಿಲ್ಲೆಯಲ್ಲಿ ನನಗೆ ತೋಚುವುದಿಲ್ಲ. ಮೈಸೂರಿನ ಸರ್ ಹೇಳಿದ ವಿಷಯಗಳನ್ನು ನಾನು ದಿನವೂ ಕೋರ್ಟಿನಲ್ಲಿ ನೋಡುತ್ತೇನೆ, ಅವುಗಳ ಬಗ್ಗೆ ಓದಲು ಒಳ್ಳೆಯ ಲೇಖನ ಸಿಗುವುದಿಲ್ಲ. ಈ ಕೊರತೆಯನ್ನು ನಾನು ಹೊಟ್ಟೆಪಾಡಿನ ಕೆಲಸದಲ್ಲೇ ಅನುಭವಿಸುತ್ತಿದ್ದೇನೆ.

ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಪರಭಾರೆಯಾಗದಂತೆ ತಡೆಯಲು 1978ರ ಕಾಯ್ದೆ ಬಂತು, 1979ರ ಜನವರಿ 1ರಿಂದ ಜಾರಿಯಾಯಿತು. ಮಂಜೂರಾತಿಯ ಷರತ್ತು ಮೀರಿ ಮಾರಿದ್ದರೆ ಆ ಕ್ರಯ ಅಸಿಂಧು. ಉಪವಿಭಾಗಾಧಿಕಾರಿ ಜಮೀನನ್ನು ವಶಕ್ಕೆ ಪಡೆದು ಮೂಲ ಮಂಜೂರಾತಿದಾರರಿಗೋ ಅವರ ವಾರಸುದಾರರಿಗೋ ಹಿಂದಿರುಗಿಸಬೇಕು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಾಯ್ದೆಯನ್ನು ಎತ್ತಿಹಿಡಿಯಿತು. ಹಲವು ವರ್ಷ ಹೀಗೆ ನಡೆಯಿತು. 2017ರಲ್ಲಿ ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟ್, ಕಾಯ್ದೆಯಲ್ಲಿ ಕಾಲಮಿತಿ ಇಲ್ಲದಿದ್ದರೂ ಸಮಂಜಸ ಅವಧಿಯೊಳಗೆ ಅರ್ಜಿ ಹಾಕಬೇಕು ಎಂದಿತು. ಅಲ್ಲಿಂದ ಮುಂದೆ ಎಷ್ಟೋ ಅರ್ಜಿಗಳು ತಡವಾಯಿತು ಎಂಬ ಒಂದೇ ಕಾರಣಕ್ಕೆ ಬಿದ್ದುಹೋದವು. ಹೋರಾಟ ನಡೆಯಿತು, 2023ರಲ್ಲಿ ವಿಧಾನಮಂಡಲ 5ನೇ ಕಲಮನ್ನು ತಿದ್ದಿ ಕಾಲಮಿತಿ ಅನ್ವಯಿಸುವುದಿಲ್ಲ ಎಂದು ಸೇರಿಸಿತು. ಇಷ್ಟಾದರೂ ಪ್ರಶ್ನೆ ತಣ್ಣಗಾಗಿಲ್ಲ. ಕಾಲಮಿತಿ ಬೇರೆ, ಅನುಚಿತ ವಿಳಂಬ ಬೇರೆ ಎಂಬ ವಾದ ಹೈಕೋರ್ಟಿನಲ್ಲಿ ನಡೆಯುತ್ತಲೇ ಇದೆ.

ಇಷ್ಟನ್ನು ಬೆಂಗಳೂರಿನಲ್ಲಿ ಕುಳಿತ ಯಾರು ಬೇಕಾದರೂ ಬರೆಯಬಹುದು. ನೀವು ಮಾತ್ರ ಬರೆಯಬಹುದಾದದ್ದು ಬೇರೆ ಇದೆ. ತಿದ್ದುಪಡಿಗೆ ಮುಂಚೆ ಮತ್ತು ನಂತರ ನಿಮ್ಮ ಉಪವಿಭಾಗಾಧಿಕಾರಿ ನ್ಯಾಯಾಲಯದ ಆದೇಶಗಳಲ್ಲಿ ವಿಳಂಬದ ಬಗ್ಗೆ ಏನು ಬರೆದಿದ್ದಾರೆ? ಯಾವ ತೀರ್ಪನ್ನು ಉಲ್ಲೇಖಿಸಿದ್ದಾರೆ, ಆ ತೀರ್ಪು ನಿಜಕ್ಕೂ ಹಾಗೆ ಹೇಳುತ್ತದೆಯೇ? ಸಾಗುವಳಿ ಚೀಟಿ (ಜಮೀನು ಮಂಜೂರಾತಿ ಪತ್ರ) ಕಳೆದುಹೋದ ಅರ್ಜಿದಾರರಿಂದ ಯಾವ ದಾಖಲೆ ಕೇಳುತ್ತಿದ್ದಾರೆ? ಆದೇಶಗಳ ದೃಢೀಕೃತ ನಕಲು ಪಡೆದು, ಹೆಸರುಗಳನ್ನು ಮರೆಮಾಡಿ, ಒಂದೊಂದಾಗಿ ಓದಿ ಪಟ್ಟಿ ಮಾಡಿ. ಅಡಿಟಿಪ್ಪಣಿ ತಪಾಸಣೆಗೆ ಬೇಕಾದ ಅದೇ ಅಭ್ಯಾಸ ಇಲ್ಲೂ ಬೇಕು. ಕಕ್ಷಿದಾರರ ಹೇಳಿಕೆಯನ್ನು ಅಧಿಕಾರಿಯ ತೀರ್ಮಾನ ಎಂದು ಬರೆದುಬಿಡುವ ಅಪಾಯ ಇಲ್ಲಿ ಹೆಚ್ಚು, ಏಕೆಂದರೆ ಈ ಆದೇಶಗಳಲ್ಲಿ ಎರಡೂ ಒಂದೇ ಪ್ಯಾರಾದಲ್ಲಿ ಬೆರೆತಿರುತ್ತವೆ. ಪ್ರತಿ ವಾಕ್ಯ ಯಾರದ್ದು ಎಂದು ಗುರುತು ಹಾಕಿಕೊಂಡು ಓದಿ.

ಕನ್ನಡದಲ್ಲೇ ಬರೆಯಿರಿ. ಆದೇಶ ಕನ್ನಡದಲ್ಲಿದೆ, ಅರ್ಜಿದಾರರು ಕನ್ನಡದವರು, ಅಲ್ಲಿ ವಾದ ಮಾಡುವ ವಕೀಲರು ಕನ್ನಡದಲ್ಲಿ ಓದುವವರು. ಹೊರಗಿನವರಿಗಾಗಿ ಕೊನೆಯಲ್ಲಿ ಅರ್ಧ ಪುಟ ಇಂಗ್ಲಿಷ್ ಸಾರಾಂಶ ಕೊಟ್ಟರೆ ಸಾಕು. ಯಾರಾದರೂ ಇಂಗ್ಲಿಷಿನಲ್ಲಿ ಒಳ್ಳೆಯ ಲೇಖನ ಕಳಿಸಿದರೆ ಅದನ್ನೂ ಹಾಕಿ. ತಪಾಸಣೆಯ ನಿಯಮ ಮಾತ್ರ ಎರಡಕ್ಕೂ ಒಂದೇ ಇರಲಿ. ಕನ್ನಡ ಲೇಖನ ತಾನೇ ಎಂದು ಮೂಲ ನೋಡದೆ ಬಿಡುವುದು ಕನ್ನಡಕ್ಕೆ ಮಾಡುವ ಅವಮಾನ ಎಂದು ನಾನು ನಂಬಿದ್ದೇನೆ.

ಇನ್ನು ಕಾಯಬೇಡಿ. ಮೊದಲು ಮಂಡಳಿಯ ಎಲ್ಲರೂ ನೆಕ್ಕಂಟಿ ರಾಮಲಕ್ಷ್ಮಿ ತೀರ್ಪು ಮತ್ತು 2023ರ ತಿದ್ದುಪಡಿಯನ್ನು ಮೂಲದಲ್ಲೇ ಓದಿ, ಒಬ್ಬೊಬ್ಬರೂ ಒಂದು ಪುಟದ ಟಿಪ್ಪಣಿ ಬರೆದು ತನ್ನಿ, ಪರಸ್ಪರ ಬದಲಾಯಿಸಿಕೊಂಡು ಪರೀಕ್ಷಿಸಿ. ಯಾರಿಗೆ ಪುಟ ತೆರೆದು ನೋಡುವ ತಾಳ್ಮೆ ಇದೆ ಎಂಬುದು ಅಲ್ಲೇ ಗೊತ್ತಾಗುತ್ತದೆ, ಸಂಪಾದಕರನ್ನು ಹಾಗೆ ಆರಿಸಿಕೊಳ್ಳಿ. ಪಿಟಿಸಿಎಲ್ ಲೇಖನದ ಕರಡು ಸಿದ್ಧವಾದಾಗ ಹೊರಗಿನ ಪರಿಶೀಲಕರು ಬೇಕಾದರೆ ನಾನಿದ್ದೇನೆ. ನಮ್ಮ ಬಾರ್‌ನಲ್ಲಿ ಈ ಪ್ರಕರಣಗಳನ್ನೇ ಹೆಚ್ಚಾಗಿ ನಡೆಸುವ ಹಿರಿಯರನ್ನೂ ಓದಿಕೊಡಿ ಎಂದು ಕೇಳುತ್ತೇನೆ. ಕಳಿಸುವಾಗ ಬರೆದವರ ಹೆಸರು ತೆಗೆದೇ ಕಳಿಸಿ.